ಕತ್ತಲೆ ಖೋಲಿಯ ಮಧ್ಯಾಹ್ನಗಳು

ನರ್ಸಿಂಗ್ ತರಬೇತಿಯ ಕೊನೆಯ ಮೂರು ತಿಂಗಳ ಪೋಸ್ಟಿಂಗ್ ಚಿತ್ತಾಪುರಕ್ಕೆ ಬಿದ್ದಾಗ ಹಾಸ್ಟೆಲಿನ ಗೆಳತಿಯರೆಲ್ಲ ಮಾಸುಮಬಿಯನ್ನು ಕನಿಕರದಿಂದ ನೋಡಿದ್ದರು. ಗುಲಬರ್ಗಾದಲ್ಲೇ ಉಳಿದವರಿಗೆ ಆಪರೇಷನ್ ಕೋಣೆ, ಹೆರಿಗೆ ವಾರ್ಡು, ದಿನಕ್ಕೊಂದು ಹೊಸ ಕೇಸು. ಚಿತ್ತಾಪುರದಲ್ಲಿ ಏನಿತ್ತು? ಇಪ್ಪತ್ತು ಹಾಸಿಗೆಯ ಒಂದು ದವಾಖಾನೆ, ಅಂಗಳದಲ್ಲೊಂದು ಬೇವಿನ ಮರ, ಅದರಾಚೆ ರೈಲು ಹಳಿ. ಮಾಸುಮಬಿಗೆ ಮಾತ್ರ ಒಳಗೊಳಗೇ ಖುಷಿಯಾಗಿತ್ತು. ಅವಳ ಊರು ವಾಡಿ ಅಲ್ಲಿಂದ ಬಲು ಹತ್ತಿರ. ಅಪ್ಪ ಅಬ್ದುಲ್ ಕರೀಮ್ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್. ಹಳಿ ಬದಲಿಸುವ ಆ ಕೈಗಳು ತನ್ನಿಂದ ಬಹಳ ದೂರವಿಲ್ಲ ಎಂದುಕೊಂಡರೆ ಅವಳಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು.

ಅದು ಎಪ್ಪತ್ತನಾಲ್ಕರ ಡಿಸೆಂಬರ್. ರಾಜ್ಯ ಕರ್ನಾಟಕವಾಗಿ ಒಂದು ವರ್ಷ ದಾಟಿತ್ತು. ದವಾಖಾನೆಯ ರಿಜಿಸ್ಟರುಗಳ ಮೇಲೆ ಮಾತ್ರ ಇನ್ನೂ ಮೈಸೂರು ಎಂದೇ ಅಚ್ಚಾಗಿತ್ತು.

ಅಲ್ಲಿನ ಹಿರಿಯ ನರ್ಸ್ ಅನಸುಬಾಯಿ. ನಿಜಾಮರ ಕಾಲದಲ್ಲಿ ಹೈದರಾಬಾದಿಗೆ ಹೋಗಿ ಕಲಿತು ಬಂದವರು. ತೆಳ್ಳಗಿನ ಮೈ, ನೆಟ್ಟಗಿನ ಬೆನ್ನು, ಮಾತು ಕಡಿಮೆ. ಮಾಸುಮಬಿ ಮೊದಲ ವಾರವೆಲ್ಲ ಅವರ ಹಿಂದೆಯೇ ಓಡಾಡಿದಳು. ಪಟ್ಟಿ ಕಟ್ಟುವಾಗ ಕೇಳಿದಳು, ಸೂಜಿ ಕುದಿಸುವಾಗ ಕೇಳಿದಳು, ಜ್ವರ ನೋಡಿ ಬರೆಯುವ ಮೊದಲೂ ಕೇಳಿದಳು. ಒಂದು ದಿನ ಅನಸುಬಾಯಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು.

“ಇನ್ನ ಮೂರು ತಿಂಗಳಾದ ಮ್ಯಾಲ ಯಾರಿಗಿ ಕೇಳ್ತಿ?”

ಮಾಸುಮಬಿ ತಲೆ ತಗ್ಗಿಸಿದಳು. ನಾಡಿ ಎಣಿಸುವುದು, ಗಾಯ ತೊಳೆಯುವುದು, ಹೆರಿಗೆ ಮಾಡಿಸುವುದು ಎಲ್ಲ ಬರುತ್ತಿತ್ತು. ತನ್ನ ಕೈಯನ್ನು ತಾನೇ ನಂಬುವುದೊಂದು ಬರುತ್ತಿರಲಿಲ್ಲ.

ಎರಡನೆಯ ವಾರದ ಒಂದು ಮುಂಜಾನೆ ದಂಡೋತಿಯಿಂದ ಒಂದು ಎತ್ತಿನ ಗಾಡಿ ಬಂತು. ಹುಲ್ಲಿನ ಮೇಲೆ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಬಿಲ್ಲಿನಂತೆ ಬಾಗಿ ಮಲಗಿದ್ದಳು. ಹೆಸರು ಮರೆಮ್ಮ. ಕಾಗಿಣಾ ದಂಡೆಯವರು, ಗಂಡ ಸಾಯಬಣ್ಣ ಹೊಳೆಯಲ್ಲಿ ಮೀನು ಹಿಡಿಯುವವನು. ಹನ್ನೊಂದು ದಿನದ ಹಿಂದೆ ಬಟ್ಟೆ ಒಗೆಯಲು ನೀರಿಗಿಳಿದಾಗ ಅಂಗಾಲಿಗೆ ತುಕ್ಕಿನ ಮೊಳೆ ಚುಚ್ಚಿತ್ತು. ಅರಿಸಿನ ಮೆತ್ತಿ ಮರೆತಿದ್ದಳು. ಈಗ ದವಡೆ ಕಚ್ಚಿಕೊಂಡು ಒಂದು ಗುಟುಕು ನೀರೂ ಇಳಿಯುತ್ತಿರಲಿಲ್ಲ. ಗಾಡಿಯ ಚಕ್ರ ಕಲ್ಲಿಗೆ ತಾಗಿ ಕಡಕ್ಕೆಂದಾಗಲೆಲ್ಲ ಅವಳ ಇಡೀ ಮೈ ಸೆಟೆದು ನಡುಗುತ್ತಿತ್ತು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ ಸಾಯಬಣ್ಣ ಕೆಂಪು ರುಮಾಲಿನ ತುದಿಯಿಂದ ಅವಳ ಬಾಯಂಚು ಒರೆಸುತ್ತಿದ್ದ.

ಡಾಕ್ಟರ್ ಅಂಬರಾಯರು ನೋಡಿದ ಕೂಡಲೇ ತಿಳಿದುಕೊಂಡರು. ಧನುರ್ವಾಯು. ಗಾಯ ಸೀಳಿ ತೊಳೆದರು, ಕೊಡಬೇಕಾದ ಇಂಜೆಕ್ಷನ್ನುಗಳನ್ನೆಲ್ಲ ಕೊಟ್ಟರು, ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿದರು. ಕೈ ತೊಳೆಯುತ್ತಾ ಮಾಸುಮಬಿಗೆ ಹೇಳಿದರು:

“ನನ್ನ ಕೈಯಾಗಿಂದು ಮುಗೀತು. ಮುಂದಿಂದು ನಿಮ್ಮ ಕೈಯಾಗದ. ಬೆಳಕು ಬ್ಯಾಡ, ಸಪ್ಪಳ ಬ್ಯಾಡ. ಒಂದು ಬಾಗಿಲ ಬಡದ್ರ ಸಾಕು, ಉಸಿರು ಕಟ್ಟಿಬಿಡ್ತದ. ಮತ್ತ ನೆನಪಿಡ್ರಿ, ಅಕಿಗಿ ಎಚ್ಚರ ಪೂರಾ ಅದ. ಬಾಯಿ ಇಲ್ಲ ಅಷ್ಟೇ, ಎಲ್ಲಾ ತಿಳೀತದ.”

ದವಾಖಾನೆಯ ಪೂರ್ವದ ತುದಿಯಲ್ಲಿ ಹಳೆ ಸಾಮಾನಿನ ಖೋಲಿಯೊಂದಿತ್ತು. ಅದನ್ನು ಖಾಲಿ ಮಾಡಿಸಿ, ಗೋಡೆಗೆ ಸುಣ್ಣ ಬಳಿಸಿ, ಅಂಗಳದ ಕಡೆಯ ಕಿಟಕಿಗೆ ಎರಡು ಕರಿ ಕಂಬಳಿ ಬಿಗಿದರು. ಅನಸುಬಾಯಿ ಮಾಸುಮಬಿಯ ಕೈಯ ಬಳೆಗಳನ್ನು ನೋಡಿದರು. ಅವಳು ಒಂದೊಂದಾಗಿ ತೆಗೆದಳು. ಚಪ್ಪಲಿ ಬಾಗಿಲ ಹೊರಗೆ ಬಿಟ್ಟಳು.

“ಹಗಲು ಈ ಖೋಲಿ ನಿಂದು,” ಎಂದರು ಅನಸುಬಾಯಿ. “ರಾತ್ರಿ ಬ್ಯಾರೆಯವರು ಇರ್ತಾರ. ಮುಂಜಾನಿ ಎಂಟರಿಂದ ಸಂಜಿ ಆರರ ತನಕ ಅಕಿ ಉಸಿರು ನಿನ್ನ ಲೆಕ್ಕ.”

ಹೀಗೆ ಮಾಸುಮಬಿಗೆ ಒಂದೇ ಖೋಲಿ, ಒಬ್ಬಳೇ ರೋಗಿ ಸಿಕ್ಕಳು.

ಆ ಕತ್ತಲೆಗೆ ಹೊಂದಿಕೊಳ್ಳಲು ಅವಳಿಗೆ ಎರಡು ದಿನ ಬೇಕಾಯಿತು. ಹೊರಗೆ ಚಳಿಗಾಲದ ಬಿಸಿಲು ಹಾಲಿನಂತೆ ಸುರಿಯುತ್ತಿರುವಾಗ ಬಾಗಿಲು ಮುಚ್ಚಿ ಒಳಗೆ ಬಂದರೆ ಬೇರೊಂದು ಹೊತ್ತಿಗೆ ಬಂದಂತಾಗುತ್ತಿತ್ತು. ಅಲ್ಲಿ ಮುಂಜಾನೆಯೂ ಇರಲಿಲ್ಲ, ಮಧ್ಯಾಹ್ನವೂ ಇರಲಿಲ್ಲ. ನಿದ್ದೆಯ ಔಷಧದ ಕಟು ವಾಸನೆ ಮಂಜಿನಂತೆ ನಿಂತಿರುತ್ತಿತ್ತು. ಅವಳು ಹೆಜ್ಜೆ ಇಡುವ ಮೊದಲು ನೆಲವನ್ನು ಪಾದದಿಂದ ಕೇಳುತ್ತಿದ್ದಳು. ಹಾಲು, ಗಂಜಿಯ ತಿಳಿ ನಳಿಗೆಯಲ್ಲಿ ಹನಿಹನಿಯಾಗಿ ಇಳಿಸುತ್ತಿದ್ದಳು. ಗಂಟೆಗೊಮ್ಮೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು, ಕತ್ತಲಲ್ಲೂ ಹಸಿರಾಗಿ ಹೊಳೆಯುವ ಗಡಿಯಾರದ ಮುಳ್ಳು ನೋಡುತ್ತಾ ನಾಡಿ ಎಣಿಸುತ್ತಿದ್ದಳು. ಬಳಿಕ ಹೊರಗೆ ಹೋಗಿ ಬೆಳಕಿನಲ್ಲಿ ಕಣ್ಣು ಕಿರಿದುಮಾಡಿ ಚಾರ್ಟಿನಲ್ಲಿ ಬರೆದು ಬರುತ್ತಿದ್ದಳು.

ಶತ್ರುವೆಂದರೆ ರೈಲು. ಎಂಜಿನ್ ಸೀಟಿ ಹೊಡೆದರೆ ಮರೆಮ್ಮನ ಬೆನ್ನು ಹಾಸಿಗೆ ಬಿಟ್ಟು ಮೇಲೇಳುತ್ತಿತ್ತು. ಆದರೆ ಮಾಸುಮಬಿ ರೈಲ್ವೆಯವರ ಮಗಳು. ವಾಡಿಯಿಂದ ಸೇಡಂ ಕಡೆಗೆ ಯಾವ ಗಾಡಿ ಯಾವಾಗ ಹೊರಡುತ್ತದೆಂದು ಅವಳಿಗೆ ಬಾಯಿಪಾಠವಿತ್ತು. ಮೂರನೆಯ ದಿನ ಅವಳು ಧೈರ್ಯ ಮಾಡಿ ಡಾಕ್ಟರಿಗೆ ಹೇಳಿದಳು:

“ಸರ್, ನಿದ್ದಿ ಇಂಜೆಕ್ಷನ್ ಒಂದು ಗಂಟೆ ಬದಲಿ ಹನ್ನೆರಡೂವರಿಗಿ ಕೊಟ್ರ ಹ್ಯಾಂಗ್ರಿ? ಪ್ಯಾಸೆಂಜರ್ ಬರೂದ್ರಾಗ ಔಷಧ ಏರಿರ್ತದ.”

ಡಾಕ್ಟರು ಅವಳನ್ನೊಮ್ಮೆ ನೋಡಿ ಚೀಟಿಯ ಮೇಲೆ ಹೊತ್ತು ತಿದ್ದಿದರು. ಆ ದಿನ ಪ್ಯಾಸೆಂಜರ್ ಹೋಯಿತು, ಕಿಟಕಿ ಸಣ್ಣಗೆ ನಡುಗಿತು, ಮರೆಮ್ಮ ಕಣ್ಣು ಮಾತ್ರ ಪಿಳುಕಿಸಿದಳು.

ಆ ದಿನವೇ ಮೂರರ ಸುಮಾರಿಗೆ ಮಾಸುಮಬಿ ಸ್ಟೂಲಿನ ಮೇಲೆ ಕುಳಿತು ಎದುರಿನ ಗೋಡೆಯನ್ನು ಸುಮ್ಮನೆ ನೋಡುತ್ತಿದ್ದಳು. ಗೋಡೆ ಕದಲಿತು.

ಮೊದಲು ಹಸಿರು. ಮೇಲಿನಿಂದ ಕೆಳಕ್ಕೆ ತೂಗಿಬಿದ್ದ ಹಸಿರು ಮೋಡದಂಥದ್ದೊಂದು. ಅದರ ಕೆಳಗೆ ಆಳವಾದ ನೀಲಿ. ಆ ನೀಲಿಯಲ್ಲಿ ಒಂದು ಹಕ್ಕಿ ಈಜಿಕೊಂಡು ಹೋಯಿತು. ಮೇಲೆ ಸೂರಿನಂಚಿನಲ್ಲಿ ಬಿಳಿ ಅಂಗಿಯ ಒಬ್ಬ ಮನುಷ್ಯ ತಲೆ ಕೆಳಗಾಗಿ, ಕಾಲು ಸೂರಿಗೆ ಅಂಟಿಸಿಕೊಂಡು ಸದ್ದಿಲ್ಲದೆ ನಡೆದುಹೋದ. ನಿದ್ದೆಗೆಟ್ಟು ತನಗೆ ಹೀಗೆ ಕಾಣುತ್ತಿದೆ ಎಂದುಕೊಂಡಳು. ಔಷಧದ ವಾಸನೆ ತಲೆಗೇರಿರಬೇಕು. ಕಣ್ಣುಜ್ಜಿದಳು, ಚಿತ್ರ ಹೋಗಲಿಲ್ಲ. ಎದ್ದು ಗೋಡೆಗೆ ಅಂಗೈ ಒಡ್ಡಿದರೆ ಹಸಿರು ಅವಳ ಅಂಗೈ ಮೇಲೆ ಬಂದು ಕುಳಿತು ಅಲುಗಾಡಿತು.

ಆಗ ಶಾಲೆಯ ವಿಜ್ಞಾನದ ಮಾಸ್ತರರು ನೆನಪಾದರು. ರಟ್ಟಿನ ಪೆಟ್ಟಿಗೆಗೆ ಸೂಜಿಯಿಂದ ತೂತು ಮಾಡಿ ಹೊರಗಿನ ಧ್ವಜದ ಕಂಬವನ್ನು ಒಳಗೆ ತಲೆಕೆಳಗಾಗಿ ತೋರಿಸಿದ್ದರು. ಹೋಗಿ ನೋಡಿದರೆ ಕಂಬಳಿಗಳಲ್ಲಿ ಹುಳ ತಿಂದ ಒಂದು ತೂತು, ಜೋಳದ ಕಾಳಿನಷ್ಟು. ಮಧ್ಯಾಹ್ನದ ಬಿಸಿಲು ಅಂಗಳದ ಮೇಲೆ ಬೀಳುವ ಹೊತ್ತಿಗೆ ಇಡೀ ಅಂಗಳ ಆ ಕಾಳಿನೊಳಗಿಂದ ನುಸುಳಿ ಬಂದು ಗೋಡೆಯ ಮೇಲೆ ಹರಡಿಕೊಳ್ಳುತ್ತಿತ್ತು.

ಬೆಳಕು ಬ್ಯಾಡ ಎಂದಿದ್ದರು ಡಾಕ್ಟರು. ಕೂಡಲೇ ಮುಚ್ಚಬೇಕಿತ್ತು. ಅನಸುಬಾಯಿಗೆ ಹೇಳಬೇಕಿತ್ತು. ಮಾಸುಮಬಿ ಎರಡೂ ಮಾಡಲಿಲ್ಲ. ಎಷ್ಟೊಂದು ಮೆಲ್ಲಗಿನ ಬೆಳಕು ಅದು, ಕನಸಿನೊಳಗಿನ ಬೆಳಕಿನ ಹಾಗೆ. ಇದರಿಂದ ಯಾರಿಗೆ ಏನಾದೀತು ಎಂದುಕೊಂಡಳು. ಮರುದಿನವೂ ಮೂರು ಗಂಟೆಗೆ ಕಾದಳು. ಅದರ ಮರುದಿನವೂ. ಆಡುಗಳು ಸೂರಿನಂಚಿನಲ್ಲಿ ಮೇದವು. ನೀರು ತುಂಬಿದ ಕೊಡಗಳು ತಲೆಕೆಳಗಾಗಿಯೂ ಚೆಲ್ಲದೆ ಸಾಗಿದವು. ಅಂಗಳದಾಚೆ ಹೊಸ ಕಟ್ಟಡಕ್ಕೆಂದು ತಂದು ಪೇರಿಸಿಟ್ಟ ಶಹಾಬಾದಿ ಪರಸಿ ಕಲ್ಲುಗಳಿದ್ದವು. ಅವುಗಳ ಮೇಲೆ ಒಂದು ಕೆಂಪು ಚುಕ್ಕೆ ಕುಳಿತಿರುತ್ತಿತ್ತು.

ಆರನೆಯ ದಿನ ಮುಂಜಾನೆ ಅನಸುಬಾಯಿ ಬೇರೊಬ್ಬ ರೋಗಿಯ ಪಟ್ಟಿ ಬಿಚ್ಚುತ್ತಾ, “ಡಾಕ್ಟರ್ ಒಂದು ಮಾತು ಹೇಳಿದ್ರ ಅದರಾಗ ಎಳ್ಳಷ್ಟು ಕಮ್ಮಿ ಮಾಡಾಕ ನಮಗ ಹಕ್ಕಿಲ್ಲ” ಎಂದು ಯಾರಿಗೋ ಅಂದರು. ಮಾಸುಮಬಿಗೆ ಅದು ತನಗೇ ಅಂದಂತಾಯಿತು. ಖೋಲಿಗೆ ಹೋದವಳೇ ಒಂದು ಚೂರು ಹತ್ತಿ ಹೊಸೆದು ತೂತಿಗೆ ತುರುಕಿದಳು. ಇನ್ನು ಎಲ್ಲ ಸರಿಯಾಯಿತು ಎಂದು ಉಸಿರು ಬಿಟ್ಟಳು.

ಸರಿಯಾಗಲಿಲ್ಲ. ಆ ಮಧ್ಯಾಹ್ನ ಮೂರರ ಮೇಲೆ ಮರೆಮ್ಮನ ನಾಡಿ ಏರತೊಡಗಿತು. ಯಾವ ರೈಲೂ ಬಂದಿರಲಿಲ್ಲ, ಯಾವ ಬಾಗಿಲೂ ಬಡಿದಿರಲಿಲ್ಲ. ನೂರಾ ಹತ್ತು ಇದ್ದದ್ದು ನೂರಾ ಮೂವತ್ತಾಯಿತು. ಸುಮ್ಮನೆ, ಕಾರಣವಿಲ್ಲದೆ, ಒಂದರ ಹಿಂದೊಂದು ಮೂರು ಸೆಳವು. ಮೂರನೆಯದರಲ್ಲಿ ತುಟಿ ನೀಲಿಯಾಯಿತು. ಡಾಕ್ಟರು ಓಡಿ ಬಂದು ಔಷಧ ಹೆಚ್ಚಿಸಿದರು. ಮರುದಿನ ಮುಂಜಾನೆ ಶಾಂತವಾಗಿದ್ದಳು. ಮಧ್ಯಾಹ್ನವಾದರೆ ಮತ್ತೆ ಅದೇ.

“ಗುಲ್ಬರ್ಗಾಕ್ಕ ಕಳಸಬೇಕಂದ್ರ ಗಾಡಿಯಾಗ ದಾರಿಯಾಗೇ ಹೋಗ್ತಾಳ,” ಎಂದು ಡಾಕ್ಟರು ವರಾಂಡದಲ್ಲಿ ನಿಂತು ಅನಸುಬಾಯಿಗೆ ಹೇಳುತ್ತಿದ್ದುದು ಮಾಸುಮಬಿಯ ಕಿವಿಗೆ ಬಿತ್ತು. “ಇಲ್ಲೇ ಇಟ್ಕೊಂಡ್ರೂ ಇನ್ನ ಎರಡು ದಿನ ಹಿಂಗೇ ಆದ್ರ ಉಳಿಯಂಗಿಲ್ಲ.”

ಎಂಟನೆಯ ದಿನ ಮಧ್ಯಾಹ್ನ ಅವಳು ಚಾರ್ಟು ಹಿಡಿದು ಬಾಗಿಲ ಬಳಿ ನಿಂತಿದ್ದಳು. ತಾನೇ ಬರೆದ ಅಂಕಿಗಳು. ಒಂದೊಂದು ದಿನದ ಸಾಲಿನ ಮೇಲೆ ಬೆರಳು ಓಡಿಸಿದಳು. ಮೂರನೆಯ ದಿನ, ನಾಲ್ಕನೆಯ ದಿನ, ಐದನೆಯ ದಿನ. ಇಡೀ ಹಗಲಿನಲ್ಲಿ ನಾಡಿ ಅತಿ ಕಡಿಮೆಯಿದ್ದದ್ದು ಮೂರರಿಂದ ನಾಲ್ಕರ ತನಕ. ಆರನೆಯ ದಿನದಿಂದ ಅದೇ ಹೊತ್ತಿನಲ್ಲಿ ಅತಿ ಹೆಚ್ಚು. ಬೆರಳು ಅಲ್ಲೇ ನಿಂತಿತು. ಎಲ್ಲಾ ತಿಳೀತದ ಎಂದಿದ್ದರು ಡಾಕ್ಟರು. ಆದರೆ ಇಷ್ಟು ದಿನ ಆ ಗೋಡೆಯನ್ನು ತಾನೊಬ್ಬಳೇ ನೋಡುತ್ತಿದ್ದೇನೆಂದು ಅವಳು ತಿಳಿದಿದ್ದಳು.

ಒಳಗೆ ಹೋದಳು. ಮರೆಮ್ಮನ ದಿಂಬಿನ ಪಕ್ಕ ಮೊಣಕಾಲೂರಿ, ಅವಳ ತಲೆಯ ಮಟ್ಟಕ್ಕೆ ತನ್ನ ತಲೆ ತಂದು, ಆ ಕಣ್ಣುಗಳು ಎತ್ತ ತಿರುಗಿವೆಯೋ ಅತ್ತ ನೋಡಿದಳು. ಕಪ್ಪು ಗೋಡೆ. ಕೇಳೋಣವೆಂದರೆ ಅನಸುಬಾಯಿ ಹೆರಿಗೆಯ ಕೋಣೆಯಲ್ಲಿದ್ದರು, ಡಾಕ್ಟರು ನಾಲವಾರ ಊರಿನ ಕಡೆ ಹೋಗಿದ್ದರು. ಬೆರಳ ಕೆಳಗೆ ನಾಡಿ ಓಡುತ್ತಿತ್ತು. ಮಾಸುಮಬಿ ಎದ್ದು ಹೋಗಿ ಹತ್ತಿಯನ್ನು ಎಳೆದು ತೆಗೆದಳು.

ಬೇವಿನ ಮರ ಮೆಲ್ಲಗೆ ಗೋಡೆಗೆ ಬಂತು. ನೀಲಿ ಬಂತು. ಪರಸಿ ಕಲ್ಲುಗಳು ಬಂದವು. ಅವುಗಳ ಮೇಲೆ ಕುಳಿತ ಕೆಂಪು ಚುಕ್ಕೆ ಇಂದು ಅವಳಿಗೆ ಸ್ಪಷ್ಟವಾಗಿ ಕಂಡಿತು: ರುಮಾಲು. ಸಾಯಬಣ್ಣ. ಬಾಗಿಲ ಬಳಿ ಯಾರೂ ನಿಲ್ಲಕೂಡದೆಂದು ಹೇಳಿದ ದಿನದಿಂದ ಅವನು ಅಂಗಳದಾಚೆ ಹೋಗಿ ಕುಳಿತಿದ್ದ. ತೊಡೆಯ ಮೇಲೆ ಹರಿದ ಬಲೆ ಹರಡಿಕೊಂಡು ಹೆಣೆಯುತ್ತಿದ್ದ. ತಲೆಕೆಳಗಾದ ಆ ಸಣ್ಣ ಕೈ ಹೋಗುತ್ತಿತ್ತು, ಬರುತ್ತಿತ್ತು, ಹೋಗುತ್ತಿತ್ತು, ಬರುತ್ತಿತ್ತು.

ಮರೆಮ್ಮನ ಕಣ್ಣ ಕೊನೆಯಿಂದ ಹನಿಯೊಂದು ಇಳಿದು ಕಿವಿಯ ಕಡೆ ಹರಿಯಿತು. ಕಾಲು ಗಂಟೆಯಲ್ಲಿ ನಾಡಿ ನೂರಾ ನಾಲ್ಕಕ್ಕೆ ಬಂತು.

ಮಾಸುಮಬಿ ಹೊರಗೆ ಹೋಗಿ ಎಲ್ಲವನ್ನೂ ಬರೆದಳು. ಮೂರನೆಯ ದಿನ ತೂತು ಕಂಡದ್ದು, ತಾನು ಹೇಳದೆ ಇದ್ದದ್ದು, ಆರನೆಯ ದಿನ ಮುಚ್ಚಿದ್ದು, ಇವತ್ತು ಯಾರನ್ನೂ ಕೇಳದೆ ತೆಗೆದದ್ದು, ನಾಡಿ ಎಷ್ಟಿತ್ತು, ಎಷ್ಟಾಯಿತು. ಕೆಳಗೆ ತನ್ನ ಹೆಸರು ಬರೆದಳು. ಇನ್ನು ಪೋಸ್ಟಿಂಗ್ ಹೋಯಿತು, ಪರೀಕ್ಷೆಯೂ ಹೋಯಿತು ಎಂದುಕೊಂಡಳು. ಆದರೂ ಕೈಯಲ್ಲಿದ್ದದ್ದನ್ನು ಮುಚ್ಚಿಡಲಿಲ್ಲ. ಅನಸುಬಾಯಿ ಹೊರಗೆ ಬಂದ ಕೂಡಲೇ ಚಾರ್ಟು ಅವರ ಕೈಗೆ ಕೊಟ್ಟಳು.

ಅನಸುಬಾಯಿ ಓದಿದರು. ಇನ್ನೊಮ್ಮೆ ಓದಿದರು.

“ತಗದಿದ್ದಕ್ಕ ನಾ ಬೈಯಂಗಿಲ್ಲ,” ಎಂದರು. “ಐದು ದಿನ ಹೇಳಲಾರದ ಕುಂತಿದ್ದಿ ಅಲ್ಲ, ಅದಕ್ಕ ಬೈತೀನಿ. ನೀ ಮೊದಲ ದಿನಾನೇ ಬರದಿದ್ರ, ನಾಡಿ ಇಳಿಯೂದು ನೋಡಿ ಅದನ್ನ ಮುಚ್ಚಬಾರದಂತ ನನಗ ತಿಳೀತಿತ್ತು. ಎರಡು ದಿನದ ಸೆಳವು ಅಕಿಗಿ ತಪ್ಪತಿತ್ತು.”

ಆ ಕೊನೆಯ ಮಾತು ಮಾಸುಮಬಿಗೆ ಹೊಡೆತದಂತೆ ಬಿತ್ತು. ಅವಳು ಅಳಲಿಲ್ಲ. ಅಳುವುದಕ್ಕೂ ಅಲ್ಲಿ ಜಾಗವಿರಲಿಲ್ಲ. ನಾಲ್ಕರ ಗಂಜಿಯ ಹೊತ್ತಾಗಿತ್ತು.

ಮರುದಿನ ಮೂರಕ್ಕೆ ಡಾಕ್ಟರು ಬೂಟು ಕಳಚಿ ಕತ್ತಲೆ ಖೋಲಿಗೆ ಬಂದರು. ಗೋಡೆಯ ಮುಂದೆ ಕೈ ಕಟ್ಟಿ ನಿಂತರು. ತಮ್ಮದೇ ದವಾಖಾನೆಯ ಅಂಗಳ, ತಮ್ಮದೇ ಸೈಕಲ್, ಮರದ ಕೆಳಗೆ ಮಲಗಿದ ತಮ್ಮದೇ ಕಂಪೌಂಡರ್, ಎಲ್ಲ ತಲೆಕೆಳಗು. ಬಹಳ ಹೊತ್ತು ನೋಡಿದರು. ಹೊರಗೆ ಬಂದು ಚೀಟಿಯ ಮೇಲೆ ಬರೆದರು: ತೂತು ಹಾಗೆಯೇ ಇರಲಿ, ದೊಡ್ಡದಾಗದಂತೆ ನೋಡಿಕೊಳ್ಳುವುದು.

ಹತ್ತನೆಯ ದಿನ ಅನಸುಬಾಯಿಗೆ ಸಾಯಬಣ್ಣನ ಅವಸ್ಥೆ ನೋಡಲಾಗಲಿಲ್ಲ. ಹತ್ತು ದಿನದ ಗಡ್ಡ, ಹತ್ತು ದಿನದ ಅಂಗಿ. “ಊರಿಗಿ ಹೋಗಿ ಮೈ ತೊಳಕೊಂಡು, ಅರಿವಿ ಬದಲಿ ಮಾಡ್ಕೊಂಡು ಬಾ, ಮಾರಾಯ. ಒಂದಿನಕ್ಕ ಏನೂ ಆಗಂಗಿಲ್ಲ,” ಎಂದು ಮುಂಜಾನೆಯೇ ಕಳಿಸಿಬಿಟ್ಟರು. ಮಧ್ಯಾಹ್ನ ಗೋಡೆಯ ಮೇಲೆ ಪರಸಿ ಕಲ್ಲುಗಳು ಬರಿದಾಗಿದ್ದವು. ಮರೆಮ್ಮನ ನಾಡಿ ನೂರಾ ಇಪ್ಪತ್ತು ದಾಟಿತು.

ಅನಸುಬಾಯಿ ತಮ್ಮ ತಪ್ಪು ತಿಳಿದು ತುಟಿ ಕಚ್ಚಿದರು. ವಾರ್ಡಿನ ಆಳು ಗನಿಸಾಬನನ್ನು ಕರೆದು, ಎಲ್ಲಿಂದಲೋ ಒಂದು ಕೆಂಪು ಬಟ್ಟೆ ತಂದು ಅವನ ತಲೆಗೆ ಸುತ್ತಿಸಿ, ಕಲ್ಲುಗಳ ಮೇಲೆ ಕೂಡಿಸಿದರು. ಗನಿಸಾಬ ಫೋಟೋ ತೆಗೆಸಿಕೊಳ್ಳುವವನಂತೆ ಎರಡೂ ಕೈ ಮೊಣಕಾಲ ಮೇಲಿಟ್ಟು ನೆಟ್ಟಗೆ ಕುಳಿತ. ಒಳಗೆ ಮಾಸುಮಬಿ ಮಣಿಕಟ್ಟು ಹಿಡಿದು ಕಾದಳು. ನೂರಾ ಇಪ್ಪತ್ತನಾಲ್ಕು. ನೂರಾ ಇಪ್ಪತ್ತೆಂಟು. ದವಡೆಯ ಸ್ನಾಯು ಕಲ್ಲಾಗತೊಡಗಿತು.

ಸುಳ್ಳು ಈ ಖೋಲಿಯಲ್ಲಿ ನಡೆಯುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ಮಾತಾಡಬಾರದೆಂಬ ನಿಯಮವಿತ್ತು. ಅವಳು ಮರೆಮ್ಮನ ಕಿವಿಗೆ ಬಾಯಿ ತಂದು, ಗಾಳಿಗಿಂತ ಮೆಲ್ಲಗೆ, ಒಂದೊಂದೇ ಶಬ್ದ ಬಿಟ್ಟಳು.

“ಅಕ್ಕಾ... ಅಂವ ಊರಿಗಿ ಹೋಗ್ಯಾನ. ಮೈ ತೊಳಕೊಳ್ಳಾಕ. ನಾವೇ ಕಳಿಸೀವಿ. ನಾಳಿ ಬರ್ತಾನ. ಅಲ್ಲಿ ಕುಂತಾಂವ ನಮ್ಮ ಗನಿಸಾಬ.”

ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬೆರಳ ಕೆಳಗೆ, ದೂರ ಹೋಗುತ್ತಿರುವ ಗಾಡಿಯ ಸದ್ದಿನಂತೆ, ಓಟ ನಿಧಾನವಾಯಿತು. ಮಾಸುಮಬಿ ಹೊರಗೆ ಬಂದು ಅದನ್ನೂ ಬರೆದಳು. ಪಿಸುಮಾತಿನಲ್ಲಿ ನಿಜ ಹೇಳಿದೆ ಎಂದು. ಯಾರನ್ನೂ ಮೊದಲು ಕೇಳಿರಲಿಲ್ಲವೆಂಬುದು ಬರೆದು ಮುಗಿದ ಮೇಲೆ ಅವಳಿಗೆ ಹೊಳೆಯಿತು.

ಸಾಯಬಣ್ಣ ಮರುದಿನ ನುಣ್ಣಗೆ ಕ್ಷೌರ ಮಾಡಿಸಿಕೊಂಡು, ಬಿಳಿ ಅಂಗಿ ತೊಟ್ಟು ಬಂದ. ರುಮಾಲು ಮಾತ್ರ ಅದೇ ಇತ್ತು.

ದಿನಗಳು ಒಂದರೊಳಗೊಂದು ಕರಗಿದವು. ಸೆಳವುಗಳ ನಡುವಿನ ಹೊತ್ತು ಉದ್ದವಾಗುತ್ತಾ ಹೋಯಿತು. ಹದಿನೆಂಟನೆಯ ದಿನ ಹಲ್ಲುಗಳ ನಡುವೆ ಚಮಚದ ಅಂಚು ಹೋಯಿತು. ಇಪ್ಪತ್ತಮೂರನೆಯ ದಿನ ಮರೆಮ್ಮ ಮಾತಾಡಿದಳು. ದನಿ ಒಣಗಿದ ಎಲೆಯಂತಿತ್ತು.

“ಯವ್ವಾ, ನಾ ಹೊಳಿ ತಳದಾಗ ಮಕ್ಕೊಂಡೀನಂತ ತಿಳದಿದ್ದೆ.”

ಮಾಸುಮಬಿ ಬಗ್ಗಿದಳು.

“ಸಣ್ಣಾಕಿದ್ದಾಗ ನೀರಾಗ ಮುಳುಗಿ ಮ್ಯಾಲ ನೋಡ್ತಿದ್ದಿವಿ. ದಂಡಿ ಮ್ಯಾಲಿನ ಗಿಡ, ಮಂದಿ, ಎಲ್ಲಾ ಹಿಂಗೇ ಅಲ್ಲಾಡ್ತಿದ್ರು. ನಾ ಸತ್ತು ನೀರಾಗ ಬಿದ್ದೀನಿ, ಅಂವ ದಂಡಿ ಮ್ಯಾಲ ಕುಂತು ನನ್ನ ಸಲುವಾಗಿ ಬಲಿ ಹೆಣಿಯಾಕತ್ತಾನ ಅಂತ... ಬಲಿ ಮುಗದ್ರ ಬೀಸ್ತಾನ, ನನ್ನ ಎತ್ತತಾನ ಅಂತ ಕಾಯಕೋತ ಇದ್ದೆ. ಎರಡು ದಿನ ಎಲ್ಲಾ ಕಪ್ಪಾತು. ಬಿಟ್ಟು ಹೋದ ಅನ್ಕೊಂಡೆ.”

ಮಾಸುಮಬಿ ಅವಳ ಕೈ ಹಿಡಿದುಕೊಂಡಳು. “ಅದು ನಾ ಮುಚ್ಚಿದ್ದು, ಅಕ್ಕಾ. ನಂದೇ ತಪ್ಪು.”

“ನೀ ತಗದೀ ಅಲ್ಲ,” ಎಂದಳು ಮರೆಮ್ಮ. ಬಿಗಿದ ತುಟಿಯಲ್ಲೇ ನಕ್ಕಳು. “ಒಂದಿನ ಯಾರೋ ನನ್ನ ಗಂಡನಂಗ ರುಮಾಲ ಸುತಗೊಂಡು ಕುಂತಿದ್ದ. ಕೈಯೇ ಆಡವಲ್ಲವು. ಅಂವಗ ಸುಮ್ಮ ಕುಂದ್ರಾಕ ಬರಂಗಿಲ್ಲ, ನನಗ ಗೊತ್ತಿಲ್ಲೇನು?”

ಕಂಬಳಿಗಳನ್ನು ಒಮ್ಮೆಲೇ ತೆಗೆಯಲಿಲ್ಲ. ದಿನಕ್ಕೊಂದು ಗೇಣಿನಂತೆ ಮೇಲೆ ಸುತ್ತಿದರು. ಬೆಳಕು ಹೆಚ್ಚಿದಂತೆ ಗೋಡೆಯ ಚಿತ್ರ ಮಾಸುತ್ತಾ ಬಂದು, ಒಂದು ಮಧ್ಯಾಹ್ನ ಬರಿಯ ಸುಣ್ಣದ ಗೋಡೆ ಉಳಿಯಿತು. ಆ ದಿನ ಮಾಸುಮಬಿಗೆ ಏನನ್ನೋ ಕಳೆದುಕೊಂಡಂತಾಯಿತು. ಆದರೆ ಕಿಟಕಿಯಲ್ಲಿ ನಿಜವಾದ ಮರ ನಿಂತಿತ್ತು, ಕಲ್ಲುಗಳಿದ್ದವು, ಸಾಯಬಣ್ಣ ನೆಲದ ಮೇಲೆ ಕಾಲಿಟ್ಟು ಇತ್ತ ಬರುತ್ತಿದ್ದ.

ಸಂಕ್ರಾಂತಿ ಕಳೆದು ಎಂಟು ದಿನಕ್ಕೆ ಮರೆಮ್ಮ ಗಂಡನ ಹೆಗಲು ಹಿಡಿದು ನಡೆಯುತ್ತಾ ಗಾಡಿಯ ತನಕ ಹೋದಳು. ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ಮಾಸುಮಬಿ ಗೇಟಿನಲ್ಲಿ ನಿಂತಿದ್ದಳು.

ಮಾರ್ಚಿನ ಮೊದಲ ವಾರ ಪೋಸ್ಟಿಂಗ್ ಮುಗಿಯಿತು. ಅನಸುಬಾಯಿ ಅವಳ ಅಭ್ಯಾಸದ ಪುಸ್ತಕದಲ್ಲಿ ಪ್ರತಿಯೊಂದು ಕೆಲಸದ ಮುಂದೆ ಸಹಿ ಹಾಕುತ್ತಾ ಬಂದು, ಕೊನೆಯ ಪುಟದ ಷರಾ ಜಾಗದಲ್ಲಿ ತಡೆದರು. ಪೆನ್ನಿಗೆ ಮಸಿ ತುಂಬಿಸಿಕೊಂಡು ಬಂದು ಬರೆದರು: ನೋಡಬಲ್ಲಳು. ಬರೆಯಬಲ್ಲಳು. ಒಬ್ಬಳನ್ನೇ ಬಿಡಬಹುದು. ಪುಸ್ತಕ ಕೊಡುವಾಗ ಅವಳ ಕೆನ್ನೆಯನ್ನು ಬೆರಳ ಹಿಂಬದಿಯಿಂದ ಒಮ್ಮೆ ಮುಟ್ಟಿದರು, ಜ್ವರ ನೋಡುವ ಹಾಗೆ.

ಪರೀಕ್ಷೆ ಬೇಸಿಗೆಯಲ್ಲಿ ಆಯಿತು. ಪಾಸಾಗಿ, ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಪತ್ರ ಅಂಚೆಯಲ್ಲಿ ವಾಡಿಗೆ ಬಂದ ದಿನ ಅವಳು ಮನೆಯಲ್ಲಿರಲಿಲ್ಲ. ಅಬ್ದುಲ್ ಕರೀಮ್ ಸಹಿ ಹಾಕಿ ಬಿಡಿಸಿಕೊಂಡರು. ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. ಆದರೂ ಅದನ್ನು ಬುತ್ತಿ ಡಬ್ಬಿಯ ಜೊತೆ ಬಟ್ಟೆಯಲ್ಲಿ ಸುತ್ತಿಕೊಂಡು ಡ್ಯೂಟಿಗೆ ಹೋಗಿ, ಜಂಕ್ಷನ್ನಿಗೆ ಬಂದ ಪ್ರತಿಯೊಬ್ಬ ಡ್ರೈವರಿನ ಕೈಗೂ ಕೊಟ್ಟು ಓದಿಸಿದರು. ಸಂಜೆ ಮಗಳಿಗೆ ಕೊಡುವಾಗ ಮೂಲೆಯಲ್ಲಿ ಒಂದಿಷ್ಟು ಎಣ್ಣೆಯ ಕಲೆಯಾಗಿತ್ತು.

“ನಂಬರ್ ಕೊಟ್ಟಾರಲ್ಲ ಬೇಟಾ ನಿನಗ. ಎಂಜಿನ್‌ಗಿ ಇರ್ತದಲ್ಲ, ಹಾಂಗ. ಇನ್ನ ನೀ ಎಲ್ಲಿದ್ರೂ ಗುರುತು ಸಿಗ್ತದ.”

ಜುಲೈಯಲ್ಲಿ ಅವಳನ್ನು ಚಿಂಚೋಳಿ ಕಡೆಗೆ ಹಾಕಿದರು. ಚಿಮ್ಮನಚೋಡದ ಆರೋಗ್ಯ ಕೇಂದ್ರ. ಸೇಡಂ ದಾಟಿದ ಮೇಲೆ ಬಸ್ಸಿನಲ್ಲಿ ತೆಲುಗು ಮಾತು ಕೇಳಿಸತೊಡಗಿತು, ಚಿಂಚೋಳಿಯ ಆಚೆ ಕರಿಮಣ್ಣು ಹೋಗಿ ಕೆಮ್ಮಣ್ಣು ಬಂತು. ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ, ಅದೂ ಮಳೆ ಬಿಟ್ಟರೆ, ಎಂದು ಜೊತೆಗಿದ್ದವರು ಹೇಳಿದರು. ಮಾಸುಮಬಿ ಬಿಳಿ ಸೀರೆಯ ಅಂಚಿಗೆ ಕೆಸರು ಹತ್ತದಂತೆ ಎತ್ತಿಕೊಂಡು ಮೆಟ್ಟಿಲೇರುವಾಗ ಬಾಗಿಲ ಬಳಿ ಮುದುಕಿಯೊಬ್ಬಳು ತಲೆ ಹಿಡಿದುಕೊಂಡು ಕುಳಿತಿದ್ದಳು. ಹೆಸರು ಅಮೀರ್ಬೀ. ಮೂರು ದಿನದಿಂದ ಬಲಗಿವಿಯೊಳಗೆ ಗಿರಣಿ ತಿರುಗುತ್ತಿದೆ, ಎಡಗಿವಿ ಮೊದಲೇ ಹೋಗಿದೆ, ಈಗ ಲೋಕದ ಒಂದು ಮಾತೂ ಕೇಳುತ್ತಿಲ್ಲ ಎಂದು ಕೈಸನ್ನೆಯಲ್ಲೂ ಅಳುವಿನಲ್ಲೂ ತಿಳಿಸಿದಳು.

ಮಾಸುಮಬಿ ಅವಳನ್ನು ಬಾಗಿಲ ಬೆಳಕಿಗೆ ಕೂಡಿಸಿ, ತಲೆ ವಾಲಿಸಿ, ಕಿವಿಯೊಳಗೆ ನೋಡಿದಳು. ಆಳದಲ್ಲಿ ಏನೋ ಕದಲಿತು. ಎಣ್ಣೆ ಉಗುರುಬೆಚ್ಚಗೆ ಮಾಡಿ, ತನ್ನ ಮಣಿಕಟ್ಟಿನ ಮೇಲೆ ಹನಿಸಿ ನೋಡಿ, ನಿಧಾನವಾಗಿ ಬಿಟ್ಟಳು. ಕಾದಳು. ಕಪ್ಪು ಹುಳವೊಂದು ಎಣ್ಣೆಯ ಮೇಲೆ ತೇಲಿ ಬಂತು. ಚಿಮುಟದಿಂದ ಎತ್ತಿ ಹಾಕಿ, ಕಿವಿಯನ್ನು ಮೆತ್ತಗೆ ಒರೆಸಿದಳು.

ಅಮೀರ್ಬೀ ಅಲುಗದೆ ಕುಳಿತಳು. ಮುಖದ ಮೇಲಿನ ಬಿಗಿ ಒಂದೊಂದೇ ಗೆರೆಯಾಗಿ ಸಡಿಲಿತು. ಅವಳು ಸೂರಿನತ್ತ ನಿಧಾನವಾಗಿ ಮುಖ ಎತ್ತಿದಳು.

“ಅಯ್ಯ, ಮಳಿ ಬರಾಕತ್ತದಲ್ಲಾ!”

“ಹೌದ್ರೀ ಅಮ್ಮಾ,” ಎಂದಳು ಮಾಸುಮಬಿ. “ಮುಂಜಾನಿಂದ ಬರಾಕತ್ತದ.”